ಶುಕ್ರವಾರದ ಗಂಜಿ

ಕುಚ್ಚಲಕ್ಕಿ ಗಂಜಿಯಲ್ಲಿ ಹೆಸರುಕಾಳು ಬೆಂದು ಒಡೆಯುವಾಗ ಏಳುವ ವಾಸನೆ ಎಂದರೆ ಸಿಸಿಲಿಯಾಬಾಯಿಗೆ ಅವಳ ಅಮ್ಮ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪ್ರತಿ ಶುಕ್ರವಾರ ಅಮ್ಮ ಮಧ್ಯಾಹ್ನ ಉಣ್ಣುತ್ತಿರಲಿಲ್ಲ. ತನ್ನ ಪಾಲಿನ ಗಂಜಿಯನ್ನು ಹಸಿದವರಿಗೆ ಕೊಡುತ್ತಿದ್ದಳು. "ಯಾರಿಗೆ ಅಂತ ನಾವು ಆರಿಸಬಾರದು" ಎನ್ನುತ್ತಿದ್ದಳು. ಅರವತ್ತು ವರ್ಷಗಳಿಂದ ಮಗಳೂ ಹಾಗೆಯೇ ನಡೆದುಕೊಂಡಿದ್ದಳು. ಒಂದು ಶುಕ್ರವಾರವೂ ಉಪವಾಸ ಮುರಿದಿರಲಿಲ್ಲ. ಆ ಬಗ್ಗೆ ಒಳಗೊಳಗೇ ಸಣ್ಣ ಹೆಮ್ಮೆಯೂ ಇತ್ತು.

ಈ ಶುಕ್ರವಾರ ಗಂಜಿ ಡಬ್ಬಿ ಹಿಡಿದು ಹೊಸನಗರದ ಆಸ್ಪತ್ರೆಗೆ ಬಂದವಳಿಗೆ ನರ್ಸ್ ಸುಮನಾ ಕಿಟಕಿ ಪಕ್ಕದ ಹಾಸಿಗೆ ತೋರಿಸಿದಳು.

"ಜೊತೆಗೆ ಯಾರೂ ಇಲ್ಲ ಬಾಯಮ್ಮ. ಹೆಂಡ್ತಿ ಮಾಸ್ತಿಕಟ್ಟೆಯಿಂದ ಬರೋದು ಸಂಜೆ ಆಗುತ್ತಂತೆ. ಶುಗರ್ ಬೇರೆ ಇದೆ. ಬ್ರೆಡ್ ಕೊಟ್ರೆ ದೂಡ್ತಾರೆ."

ಮಲಗಿದ್ದವನು ಈ ಕಡೆ ಹೊರಳಿದ. ಜಟ್ಟಿಂಗಪ್ಪ. ಗಂಜಿ ಕೊಟ್ಟು ಮತಾಂತರ ಮಾಡುತ್ತಾಳೆಂದು ಹೋದ ವರ್ಷ ಅವಳ ಮೇಲೆ ದೂರು ಬರೆದುಕೊಟ್ಟಿದ್ದವನು. ಆಮೇಲೆ ಎರಡು ದಿನ ಅವಳು ಠಾಣೆಯ ಬೆಂಚಿನ ಮೇಲೆ ಕೂತು ಉತ್ತರ ಕೊಟ್ಟು ಬಂದಿದ್ದಳು. ಈಗ ಅವನ ಕಾಲಿಗೆ ಪ್ಲಾಸ್ಟರ್.

"ಇಲ್ಲಿಗೂ ಬಂದ್ರಾ ಬಾಯಮ್ಮ? ಕಾಲು ಮುರಿದವರನ್ನ ಹುಡುಕ್ಕೊಂಡು?"

"ನೀವಿರೋದು ಗೊತ್ತಿದ್ರೆ ಬಾಗಿಲಿಗೇ ಕಾಲಿಡ್ತಿರ್ಲಿಲ್ಲ."

"ಇದನ್ನ ತಿಂದ್ರೆ ಭಾನುವಾರ ಚರ್ಚಿಗೆ ಬರ್ಬೇಕಾ?"

"ನೀವು ಬಂದ್ರೆ ನಾನು ಬೇರೆ ಚರ್ಚು ನೋಡ್ಕೊಳ್ತೀನಿ."

ಪಕ್ಕದ ಹಾಸಿಗೆಯವನು ನಕ್ಕ. ಜಟ್ಟಿಂಗಪ್ಪ ಮುಖ ತಿರುಗಿಸಿದ. ಸಿಸಿಲಿಯಾಬಾಯಿ ಡಬ್ಬಿ ಎತ್ತಿಕೊಂಡು ಬಾಗಿಲವರೆಗೆ ಹೋದಳು. ಬೇಡ ಅಂದವನು ಅವನೇ, ನನ್ನ ತಪ್ಪೇನಿಲ್ಲ ಎಂದು ಮನಸ್ಸು ಹಗುರಾಯಿತು. ಆ ಹಗುರವೇ ಮರುಗಳಿಗೆ ಚುಚ್ಚಿತು. ಯಾರಿಗೆ ಕೊಡಬಾರದು ಅಂತ ಆರಿಸಿದ್ದು ತಾನೇ ಅಲ್ಲವೇ? ತಿರುಗಿ ಬಂದಳು. ಸುಮನಾ ಏನೂ ಕೇಳದೆ ಸ್ಟೂಲನ್ನು ಅವಳ ಕಡೆ ಸರಿಸಿದಳು.

"ಅದರಲ್ಲಿ ಏನ್ ಹಾಕಿದೀರೋ ಯಾರಿಗ್ ಗೊತ್ತು," ಎಂದ ಜಟ್ಟಿಂಗಪ್ಪ. "ಮೊದ್ಲು ನೀವು ಉಣ್ಣಿ, ನೋಡಾಣ."

"ಅವ್ರಿಗೆ ಇವತ್ತು ಉಪವಾಸ ಕಣ್ರೀ," ಎಂದಳು ಸುಮನಾ.

"ಗೊತ್ತು. ಊರಿಗೆಲ್ಲ ಗೊತ್ತು."

ಗೊತ್ತಿದ್ದೇ ಕೇಳಿದ್ದ. ಆದರೆ ಅವನ ಹಣೆಯ ಮೇಲೆ ಬೆವರಿತ್ತು. ಹೊದಿಕೆ ಹಿಡಿದ ಬೆರಳುಗಳು ನಡುಗುತ್ತಿದ್ದವು. ಹಸಿವು ಅವನ ಹಟಕ್ಕಿಂತ ಮುಂದೆ ಹೋಗಿತ್ತು.

ಅರವತ್ತು ವರ್ಷ. ಅವಳು ಮುಚ್ಚಳ ತೆಗೆದು, ಡಬ್ಬಿ ಎಂಜಲಾಗದಂತೆ ಒಂದಿಷ್ಟು ಗಂಜಿಯನ್ನು ಮುಚ್ಚಳಕ್ಕೆ ಬಗ್ಗಿಸಿದಳು. ಅವನ ಕಣ್ಣೆದುರೇ ಕುಡಿದಳು. ಕಾಳು ಅಗಿದಳು, ನುಂಗಿದಳು. ಸಿಟ್ಟು ಮಾತ್ರ ಇಳಿಯಲಿಲ್ಲ.

ಜಟ್ಟಿಂಗಪ್ಪ ಮುಚ್ಚಳವನ್ನೇ ನೋಡುತ್ತಿದ್ದ.

ಅವಳು ಸೆರಗಿನಿಂದ ಡಬ್ಬಿಯ ಅಂಚು ಒರೆಸಿ, ಚಮಚದ ಹಿಡಿ ಅವನ ಕಡೆಗಿಟ್ಟು, ಎರಡೂ ಕೈಯಿಂದ ಅವನ ಕೈಗೆ ಕೊಟ್ಟಳು.