ಅಯಸ್ಕಾಂತಕ್ಕೆ ಅಂಟದ ಪುಡಿ

ನೆನೆಹಾಕುವ ಮುನ್ನ ಅವಳು ಗಂಡನ ವರ್ಕ್‌ಶಾಪಿನ ನೀಲಿ ಅಂಗಿಯ ಮೇಲೆ ಅಯಸ್ಕಾಂತ ಆಡಿಸುತ್ತಿದ್ದಳು. ಮಡಿಕೆ, ಹೊಲಿಗೆ, ತೋಳಿನ ತುದಿ. ಇಪ್ಪತ್ತೆರಡು ವರ್ಷದ ರೂಢಿ. ಲೋಹ ಕಡೆಯುವ ಲೇತಿನಿಂದ ಸಿಡಿದ ಉಕ್ಕಿನ ಚೂರು ಒಂದು ಉಳಿದರೂ ಒಗೆಯುವ ಕೈಗೇ ನಾಟುತ್ತದೆ. ಮೊದಲೆಲ್ಲ ಅಯಸ್ಕಾಂತ ಮುಳ್ಳುಹಂದಿಯ ಹಾಗೆ ಚೂರು ಮೆತ್ತಿಕೊಂಡು ಮೇಲೇಳುತ್ತಿತ್ತು. ಈಗೊಂದು ತಿಂಗಳಿಂದ ಬೋಳು. ಬರುವುದೆಲ್ಲ ಹಿತ್ತಾಳೆ, ಹಿತ್ತಾಳೆ ಅಯಸ್ಕಾಂತಕ್ಕೆ ಕ್ಯಾರೇ ಅನ್ನುವುದಿಲ್ಲ. ಉಗುರಿನಲ್ಲೇ ಹೆಕ್ಕಬೇಕು.

ಅದು ಬುಗುರಿಗಳ ಹಿತ್ತಾಳೆ. ಗಂಡ ತರಬೇತಿ ಕೇಂದ್ರದಲ್ಲಿ ಲೇತ್ ಕೆಲಸ ಕಲಿಸುವವರು. ಈ ವರ್ಷ ಹತ್ತು ಜನ ಸೇರದಿದ್ದರೆ ವಿಭಾಗಕ್ಕೆ ಬೀಗ ಎಂದು ಮೇಲಿನವರು ಹೇಳಿದ್ದೇ ತಡ, ರಾಶಿ ಬುಗುರಿ ಕಡೆದು ಶಾಲೆಯಿಂದ ಶಾಲೆಗೆ ಹೊತ್ತರು. ಬುಗುರಿ ಯಾರಿಗೆ ಬೇಕು ಅಂದರೆ ನಲವತ್ತು ಕೈ. ಸೇರುವವರು ಯಾರು ಅಂದರೆ ಒಂದೂ ಇಲ್ಲ. ಒಬ್ಬಳು ಹುಡುಗಿ ಮಾತ್ರ, "ಸಾರ್, ನಿಮ್ಮ ಆ ಬೆರಳು ಎಲ್ಹೋಯ್ತು?" ಅಂದಳಂತೆ. ಆಮೇಲೆ ಮನೆಮನೆ ತಿರುಗಿ, ಅಪ್ಪಂದಿರ ಕೈಕಾಲು ಹಿಡಿದು ಒಂಬತ್ತು ಸಹಿ ಆಗಿದ್ದವು.

"ಅಮ್ಮಾ, ಅಪ್ಪ ನನ್ನ ಫಾರಂ ಕೊಟ್ರಾ? ಇವತ್ತು ಮಧ್ಯಾಹ್ನಕ್ಕೆ ಗಡುವು ಮುಗಿಯುತ್ತೆ." ಮಗಳು ಜಡೆ ಹೆಣೆಯುತ್ತ ಬಾಗಿಲಿಗೆ ಬಂದಿದ್ದಳು.

"ನಿನ್ನ ಫಾರಂ? ಮಿಕ್ಸಿ ಹಾಕಿದ್ರೇ ಕಿವಿ ಮುಚ್ಕೋತೀಯಲ್ಲೇ!"

"ಹತ್ತನೆಯವರು ಸಿಗ್ಲಿಲ್ವಲ್ಲಮ್ಮ. ಅಪ್ಪ ಸರಿಯಾಗಿ ಊಟಾನೇ ಮಾಡ್ತಿಲ್ಲ. ಎರಡು ವರ್ಷ ತಾನೆ? ಕಿವಿಗೆ ಹತ್ತಿ ಇಟ್ಕೋತೀನಿ ಬಿಡು."

ನಕ್ಕು ಒಳಹೋದಳು. ಲೇತಿಗೆ ಬೆರಳು ಕೊಟ್ಟು ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದ ದಿನ ಅವಳಪ್ಪ ನಕ್ಕಿದ್ದೂ ಹೀಗೆಯೇ.

ಫಾರಂ ಅಂಗಿಯ ಎದೆಜೇಬಿನಲ್ಲೇ ಇತ್ತು. ಬಿಚ್ಚಿ ಮಡಿಸಿ, ಮಡಿಸಿ ಬಿಚ್ಚಿ ಗೆರೆಗಳೆಲ್ಲ ಹರಿಯುವಂತಾಗಿದ್ದವು. ಮಗಳ ದುಂಡನೆಯ ಸಹಿ, ಐದು ದಿನದ ಹಿಂದಿನ ತಾರೀಕು. ಕೆಳಗೆ ಪೋಷಕರ ಸಹಿಯ ಜಾಗ ಖಾಲಿ. ಒಂಬತ್ತು ಅಪ್ಪಂದಿರ ಕೈಗೆ ಪೆನ್ನು ಕೊಟ್ಟವರು, ತಮ್ಮ ಸರದಿ ಬಂದಾಗ ಸಹಿ ಹಾಕಲಾರದೆ, ಹರಿದು ಬಿಸಾಡಲೂ ಆರದೆ ಅಂಗಿಯಿಂದ ಅಂಗಿಗೆ ದಾಟಿಸಿ ಎದೆಯ ಮೇಲೆ ಹೊತ್ತು ತಿರುಗಿದ್ದರು. ಇವತ್ತು ಬೇರೆ ಅಂಗಿ ತೆಗೆದಿಟ್ಟುಕೊಂಡು ಇದನ್ನು ಫಾರಂ ಸಮೇತ ಒಗೆಯಲು ಹಾಕಿದ್ದರು.

"ಲೇ," ಬಚ್ಚಲೊಳಗಿಂದ ಗಂಡನ ದನಿ, "ಜೇಬೆಲ್ಲ ನೋಡಿದ್ಯಾ?"

"ದಿನಾ ನೋಡಲ್ವೇನ್ರೀ?"

"ಏನಾದ್ರೂ ಇತ್ತಾ?"

ಯಂತ್ರದ ಸದ್ದಿಗೆ ಮಂದವಾದ ಕಿವಿ, ಕೂಗಿಯೇ ಹೇಳಬೇಕು. "ಬರೀ ಹಿತ್ತಾಳೆ ಪುಡಿ!"

ಚೊಂಬಿನ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ನೀರು ಸುರಿಯತೊಡಗಿತು.

ಆ ಒಂಬತ್ತು ಮಕ್ಕಳು ನಾಳೆ ಬಂದು ಬೀಗ ನೋಡಿ ಹೋಗುತ್ತಾರೆ. ಇವರು ಯಾವುದೋ ಉಗ್ರಾಣದಲ್ಲಿ ಕೂತು ದಿನ ತಳ್ಳುತ್ತಾರೆ. ಅವಳಿಗೆ ಗೊತ್ತಿತ್ತು. ಫಾರಮನ್ನು ಇದ್ದ ಹಾಗೆಯೇ ಮಡಿಸಿ ಜೇಬಿಗಿಟ್ಟು ಗುಂಡಿ ಹಾಕಿದಳು. ಅಂಗಿಯನ್ನು ಸೋಪಿನ ನೀರಿಗೆ ಇಳಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೂ ಬಕೆಟ್ಟಿನ ತಳಕ್ಕೆ ಒತ್ತಿ ಹಿಡಿದಳು.