ಮೂವತ್ತೆರಡು ಮನೆಗಳ ಆನೆ

ಹೂಲಿಯಲ್ಲಿ ಬಸ್ಸಿಳಿದು ಅಕ್ಕನ ಮನೆಯ ದಾರಿ ಹಿಡಿದ ಲಗಮಪ್ಪನ ಬಗಲಲ್ಲಿ ಲ್ಯಾಪ್‌ಟಾಪ್ ಇತ್ತು. ಅದರೊಳಗೆ, ಸಂಜೆಯ ಮೊದಲು ಉತ್ತರಿಸಲೇಬೇಕಾದ ಒಂದು ಇಮೇಲ್. ಪ್ರಾಯದಲ್ಲಿ ಅವನು ಪುಣೆಯ ಸಣ್ಣ ಕಂಪನಿಯೊಂದಕ್ಕೆ ಚಿತ್ರ ಬರೆದುಕೊಟ್ಟಿದ್ದ ಹಳೆಯ ಕಂಪ್ಯೂಟರ್ ಆಟವನ್ನು ಯಾರೋ ಮತ್ತೆ ಹೊರತರುತ್ತಿದ್ದರು. ಕೋಟೆ ಕಟ್ಟಿ, ದಂಡು ಕೂಡಿಸಿ, ಹತ್ತು ಸಲ ಯೋಚಿಸಿ ಒಂದು ಹೆಜ್ಜೆ ಇಡಬೇಕಾದ ಆಟ. ಚಿತ್ರ ಬರೆದವರ ಹೆಸರು ತಿಳಿಸಿರೆಂದು ಕೇಳಿದ್ದರು.

ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಇದ್ದದ್ದು ಒಂದೇ ಹೆಸರು, ಲಗಮಪ್ಪನದು. ಇರಬೇಕಾದದ್ದು ಎರಡು.

ಆ ಕಾಲದ ಪರದೆಯ ಮೇಲೆ ಒಂದು ಆನೆಗೆ ಸಿಗುತ್ತಿದ್ದ ಜಾಗ ಉದ್ದಕ್ಕೆ ಮೂವತ್ತೆರಡು ಮನೆ, ಅಗಲಕ್ಕೆ ಮೂವತ್ತೆರಡು ಮನೆ. ಚುಕ್ಕೆಯಷ್ಟು ಚೌಕದ ಮನೆಯೊಂದಕ್ಕೆ ಒಂದೇ ಬಣ್ಣ. ಚಿತ್ರಶಾಲೆಯಲ್ಲಿ ಪಳಗಿದ ಕೈ ಅಲ್ಲಿ ಸೋತಿತು. ರಜೆಗೆ ಬಂದಾಗ ಚೌಕಳಿ ಹಾಳೆಯ ಮೇಲೆ ಅವನು ಬರೆದದ್ದನ್ನು ನೋಡಿ ಅಕ್ಕ ಶೆಟ್ಟೆವ್ವ ನಕ್ಕಿದ್ದಳು. “ಆನಿ ಅಂತೀ, ಇದು ಹಂದಿ ಆಗೇತಲ್ಲೋ ಲಗಮ್ಯಾ! ಅತ್ತಾಗ ಸರಿ, ನಾ ತುಂಬತೇನಿ.” ಇಳಕಲ್ ಸೀರೆಗೆ ಕಸೂತಿ ಹಾಕುವವಳಿಗೆ ಎಳೆ ಎಣಿಸುವುದು ಉಸಿರಾಡಿದಷ್ಟು ಸಲೀಸು. ವಾರದೊಳಗೆ ಅಂಬಾರಿ ಆನೆ, ಗೋಪುರ, ಕುದುರೆ ಎಂದು ಇಪ್ಪತ್ತು ಹಾಳೆ ತುಂಬಿಕೊಟ್ಟಳು. ಅವನು ಮನೆಗೆ ಮನೆ ಎಣಿಸಿ ಪರದೆಗೆ ಇಳಿಸಿದ. ಆಟ ಹೆಸರು ಮಾಡಿತು. ಹೊಲಿಗೆಯಾಕೆಯಿಂದ ಬರೆಸಿಕೊಂಡನೆಂದು ಜನ ಆಡಿಕೊಂಡಾರೆಂಬ ನಾಚಿಕೆಗೆ ಅಕ್ಕನ ಹೆಸರನ್ನು ಅವನು ಬಾಯಿಬಿಡಲಿಲ್ಲ. ಹಳ್ಳಿಯಲ್ಲಿರುವ ಅವಳಿಗೆ ಅದು ಗೊತ್ತಾಗುವ ಬಗೆಯಾದರೂ ಯಾವುದು?

ಶೆಟ್ಟೆವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಕಣ್ಣು ಹೋಗಿ ಎರಡು ವರ್ಷ. ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದಳು.

“ಯಾರು, ಪುಣೇದ ಸಾಹೇಬರೇನ್ರಿ? ಬರ್ರಿ, ಕುಂದರ್ರಿ. ದಾರಿ ತಪ್ಪಿ ಬಂದ್ರೇನು?”

“ಚ್ಯಾಷ್ಟಿ ಸಾಕು ಬಿಡಬೇ ಅಕ್ಕಾ.” ಅವನು ಇಮೇಲ್ ಓದಿ ಹೇಳಿದ. ಆಮೇಲೆ ದನಿ ತಗ್ಗಿಸಿ, “ನಿನ್ನ ಆನಿಗೆ ನನ್ನ ಹೆಸರು ಹಚ್ಚಿದೆ. ಈಗರ ನಿನ್ನ ಹೆಸರು ಹಾಕತೇನಿ. ಹೂಂ ಅನ್ನು,” ಎಂದ.

ಅವಳು ದನಿ ಬಂದತ್ತ ಮುಖ ತಿರುಗಿಸಿದಳು.

“ನನಗ ಗೊತ್ತೈತೋ. ನಮ್ಮ ಪರಶು ಸವದತ್ತಿಗೆ ಕಂಪ್ಯೂಟರ್ ಕಲಿಯಾಕ ಹೋಗತಿದ್ನಲ್ಲ, ‘ಯವ್ವಾ, ನಿನ್ನ ಆನಿ ಅಲ್ಲಿ ನಡ್ಯಾಕ ಹತ್ತೇತಿ’ ಅಂತ ಓಡಿ ಬಂದ. ಹೊಸ ಸೀರಿ ಉಟಗೊಂಡ ಹೋಗಿ ನೋಡಿದೆ. ಏನ ಚಂದ ನಡೀತಿತ್ತಂತಿ! ಕಡೀಕ ಹೆಸರು ಬಂದೂ. ಮಗನ ಕಡೆ ಎರಡ ಸಲ ಓದಿಸಿದೆ.”

“ಅವತ್ತ ಯಾಕ ಬೈಲಿಲ್ಲ ನನಗ?”

“ಬೈದ್ರ ನೀ ಬರೂದ ಬಿಡತಿದ್ದಿ. ಹಂಗೂ ನೀ ಬರಲಿಲ್ಲ, ಆ ಮಾತ ಬ್ಯಾರೆ.”

ಗೋಡೆ ಹಿಡಿದು ಒಳಗೆ ಹೋದವಳು ಟ್ರಂಕಿನಿಂದ ಒಂದು ಕಪ್ಪು ಸೀರೆ ತಂದು ಅವನ ಮಡಿಲಿಗೆ ಹಾಕಿದಳು. ಕಸೂತಿಯ ಸೂಜಿ ಹೋಗುವಾಗ ಒಂದು ಹೊಲಿಗೆಯ ಜಾಗ ಬಿಟ್ಟು ಒಂದು ಹಾಕುತ್ತದೆ. ಅದೇ ದಾರಿಯಲ್ಲಿ ಮರಳುವಾಗ ಬಿಟ್ಟದ್ದನ್ನು ತುಂಬುತ್ತದೆ. ಸೆರಗಿನ ಮೇಲಿನ ಆನೆಗೆ ಸೂಜಿ ಹೋಗಿತ್ತಷ್ಟೇ, ಮರಳಿರಲಿಲ್ಲ. ತುಂಡು ತುಂಡು ಬಿಳಿ ಗೆರೆಗಳ ನಡುವೆ ಕಪ್ಪು ಇಣುಕುತ್ತಿತ್ತು. ಸೊಂಡಿಲ ತುದಿಯಲ್ಲಿ ಸೂಜಿ ಚುಚ್ಚಿದಲ್ಲೇ ನಿಂತಿತ್ತು.

“ಅವತ್ತ ಬಿಟ್ಟದ್ದು. ಮುಂದ ಸೂಜಿ ಹಿಡೀಲಿಲ್ಲ.”

ಲಗಮಪ್ಪ ಇಮೇಲಿಗೆ ಉತ್ತರವಾಗಿ ‘ಶೆಟ್ಟೆವ್ವ, ಹೂಲಿ’ ಎಂದಷ್ಟೇ ಬರೆದು ಓದಿ ಹೇಳಿದ.

“ನಿಂದೂ ಹಾಕೋ ಹುಚ್ಚಾ. ನೀ ಎಣಿಸಿ ಕೂಡ್ರಿಸದಿದ್ರ ಅದು ಹಾಳ್ಯಾಗ ಇರತಿತ್ತು.”

ಅವಳ ಹೆಸರಿನ ಕೆಳಗೆ ತನ್ನದನ್ನು ಬರೆದು ಕಳಿಸಿದ.

“ಹೋತೇನ?”

“ಹೋತು, ಅಕ್ಕಾ.”

“ಹಂಗಾರ ನಾನೂ ಮರಳತೇನಿ ತಡಿ.” ಅವಳು ಸೆರಗನ್ನು ತಡವಿದಳು. ಸೂಜಿ ಬೆರಳಿಗೆ ಸಿಕ್ಕಿತು. ಎಳೆದಳು, ಬರಲಿಲ್ಲ. ತುಕ್ಕು ಬಟ್ಟೆಯನ್ನು ಕಚ್ಚಿ ಹಿಡಿದಿತ್ತು. ಲಗಮಪ್ಪ ಕೈ ಚಾಚಿದ.

“ಬ್ಯಾಡ, ಜಗ್ಗಬ್ಯಾಡ,” ಎಂದಳು ಶೆಟ್ಟೆವ್ವ. “ಅರಿವಿ ಹರೀತೈತಿ.”