ಗುಡಿಗೆ ಬರುವ ಕಾರುಗಳ ಲೆಕ್ಕ

ಬೇಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದವಳು ನಾನು, ಕನಕಲಕ್ಷ್ಮಿ. ಕಳೆದ ವರ್ಷ ನಿವೃತ್ತಿಯಾಯಿತು. ಬಂದ ಗಂಟಿನಲ್ಲಿ ಮನೆಯ ಸೂರು ಸರಿಮಾಡಿಸಿ, ಉಳಿದದ್ದನ್ನು ಕರೆಂಟ್ ಕಾರು ಮಾಡುವ ಯಾವುದಾದರೂ ಕಂಪನಿಯ ಷೇರಿಗೆ ಹಾಕುತ್ತೇನೆ ಎಂದು ಒಂದು ಭಾನುವಾರ ಊಟಕ್ಕೆ ಕೂತಾಗ ಬಾಯಿಬಿಟ್ಟೆ. ಬಿಟ್ಟಿದ್ದೇ ತಪ್ಪಾಯಿತು. ಅನ್ನಕ್ಕೆ ಸಾರು ಬೀಳುವಷ್ಟರಲ್ಲಿ ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಂಡವು.

ಒಂದು ಪಕ್ಷ ನನ್ನ ತಮ್ಮ ಅಚ್ಯುತ. ಅರಸೀಕೆರೆಯಲ್ಲಿ ಬ್ಯಾಂಕಿನ ಕೆಲಸ. ಬೆಳಗೆದ್ದು ಷೇರುಪೇಟೆಯ ಮುಖ ನೋಡಿಯೇ ಹಲ್ಲುಜ್ಜುವವನು. ಇನ್ನೊಂದು ಪಕ್ಷ ನಮ್ಮೆಜಮಾನರು ಭಾಷ್ಯಂ. ಹಳೇಬೀಡಿನಿಂದ ಬಸ್ತಿಹಳ್ಳಿ ಕಡೆ ಹೋಗುವ ರಸ್ತೆಯಲ್ಲಿರುವ ಸಣ್ಣ ವೇಣುಗೋಪಾಲನ ಗುಡಿಗೆ ಅರ್ಚಕರು. ಇವರು ದುಡ್ಡಿನ ವಿಷಯದಲ್ಲಿ ಬಾಯಿ ಹಾಕಿದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಹಾಗಾಗಿ ಸಿಟ್ಟಿಗಿಂತ ಸೋಜಿಗವೇ ಹೆಚ್ಚಾಯಿತು.

“ಅಕ್ಕಾ, ಕಣ್ಣು ಮುಚ್ಕೊಂಡು ವಾಯುಜ ಕಂಪನೀದು ತಗೋ,” ಅಂದ ಅಚ್ಯುತ. “ಅವರ ಹೊಸ ಬ್ಯಾಟರಿ ಕಾಫಿ ಕುಡಿಯೋಷ್ಟರಲ್ಲಿ ತುಂಬುತ್ತೆ. ಆ ಚೈತ್ರ ಕಂಪನೀದು ಹಳೇ ನಮೂನೆ. ಹೊರಗಿನ ಕಂಪನಿಗಳು ಬಂದು ಬೆಲೆ ಇಳಿಸಿದ್ರೆ ಮೊದಲು ಮುಳುಗೋದು ಚೈತ್ರಾನೇ.”

“ಯಾಕೆ ಮುಳುಗುತ್ತೆ?” ಎಂದರು ಇವರು, ಪಲ್ಯ ಕಲಸುತ್ತ. “ಚೈತ್ರದವರು ಬ್ಯಾಟರಿ ತಾವೇ ಮಾಡ್ತಾರೆ. ಬಿಸಿಯಾಗಲ್ಲ, ಬಹಳ ವರ್ಷ ಬಾಳುತ್ತೆ, ಬೆಲೇನೂ ಕಡಿಮೆ. ನಿಮ್ಮ ವಾಯುಜ ಬ್ಯಾಟರಿನ ಪರದೇಶದಿಂದ ತರಿಸುತ್ತೆ. ನಾಳೆ ಅವನು ಕೊಡಲ್ಲ ಅಂದ್ರೆ ಕಾರು ತಳ್ಳಿಕೊಂಡು ಹೋಗ್ತೀರಾ?”

“ಭಾವ, ಇದೆಲ್ಲ ನಿಮಗೆ ಯಾರು ಹೇಳಿದ್ದು?”

“ಚೈತ್ರ ಕಾರಲ್ಲಿ ಬರೋರು. ಇನ್ಯಾರು?”

ಅಚ್ಯುತ ಬಿಡಲಿಲ್ಲ. ವಾಯುಜದ ಮಾರಾಟ ಏರುತ್ತಿದೆ, ಇನ್ನು ಎರಡು ವರ್ಷಕ್ಕೆ ಲಾಭ ಬರುತ್ತದೆ, ಆಗ ಷೇರಿನ ಬೆಲೆ ಎಲ್ಲಿಗೋ ಹೋಗಿರುತ್ತದೆ ಅಂದ. ಲಾಭ ಬರುವ ಮುಂಚೆಯೇ ಬೆಲೆ ಕಟ್ಟುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಅಂತ ಇವರು. ಇಬ್ಬರಿಗೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕಡೆಗೆ ಇವರು ಎಲೆ ಮಡಚಿ ಬ್ರಹ್ಮಾಸ್ತ್ರ ಬಿಟ್ಟರು. “ನಿನ್ನ ವಾಯುಜ ಅಷ್ಟು ಓಡ್ತಿದ್ರೆ ನಮ್ಮ ಗುಡಿಗೆ ಯಾಕೆ ಒಂದೂ ಬರಲ್ಲ? ಬರೋದೆಲ್ಲ ಚೈತ್ರವೇ.” ಅಚ್ಯುತ ಮಜ್ಜಿಗೆ ಕುಡಿದು ಎದ್ದುಹೋದ.

ಇವರ ಮಾತು ಸುಳ್ಳಲ್ಲ. ಹಳೇಬೀಡಿನ ದೊಡ್ಡ ದೇವಸ್ಥಾನಕ್ಕೆ ಬಸ್ಸುಗಟ್ಟಲೆ ಜನ ಬಂದರೂ ನಮ್ಮ ಗುಡಿಯ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಎಷ್ಟೋ ದಿನ ಇವರು ಮಂಗಳಾರತಿ ಎತ್ತಿ, ತಾವೇ ಕಣ್ಣಿಗೊತ್ತಿಕೊಂಡು, ಬಾಗಿಲು ಎಳೆದುಕೊಂಡು ಬಂದದ್ದುಂಟು. ಅಂಥ ಗುಡಿಗೆ ಎರಡು ವರ್ಷದಿಂದೀಚೆಗೆ ಜನ ಬರತೊಡಗಿದರು. ಬೆಂಗಳೂರಿನವರು, ತಿಪಟೂರಿನವರು, ಬಿಕ್ಕೋಡಿನ ಎಸ್ಟೇಟಿನವರು. ಬಂದವರು ಓಡುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ಇವರು ಹೇಳುವ ಸ್ಥಳಪುರಾಣ ಪೂರ್ತಿ ಕೇಳುತ್ತಿದ್ದರು, ಅರ್ಚನೆ ಮಾಡಿಸುತ್ತಿದ್ದರು. ಇವರು ಯಾವ ಊರು, ಯಾವ ಕಾರಲ್ಲಿ ಬಂದಿರಿ ಎಂದು ಕೇಳಿದರೆ, ಚೈತ್ರ ಅನ್ನುತ್ತಿದ್ದರು. ಚೈತ್ರ ಕೊಳ್ಳುವವರಿಗೆ ದೈವಭಕ್ತಿ ಜಾಸ್ತಿ, ಅಂಥವರು ನಂಬಿದ ಕಂಪನಿ ಕೆಡುವುದಿಲ್ಲ ಎನ್ನುವ ಸಿದ್ಧಾಂತಕ್ಕೆ ಇವರು ಬಂದದ್ದು ಹೀಗೆ. ಗುಡಿ ತುಂಬಿದ ಮೇಲೆ ಇವರ ಬೆನ್ನೇ ನೆಟ್ಟಗಾಗಿತ್ತು. ಅದನ್ನು ನೋಡಿ ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆದರೂ ನನ್ನ ದುಡಿಮೆಯ ದುಡ್ಡು. ಸಂಬಳ ಬರುತ್ತಿದ್ದಾಗ ಅದು ಎಲ್ಲಿಗೆ ಹೋಗಬೇಕೆಂದು ಮಗಳ ಫೀಜು, ಅತ್ತೆಯ ಔಷಧಿ, ಮನೆಯ ಗೋಡೆ ತೀರ್ಮಾನಿಸಿದ್ದವು. ಇದೊಂದನ್ನು ನಾನೇ ತೀರ್ಮಾನಿಸಬೇಕು ಎಂಬ ಹಟ ನನಗಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮಕ್ಕಳಿಗೆ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡವಳು, ಈಗ ತಮ್ಮನ ಮಾತನ್ನೋ ಗಂಡನ ಮಾತನ್ನೋ ನಂಬಿ ಗಂಟು ಬಿಚ್ಚಲಾರೆ. ಅಷ್ಟು ಚೈತ್ರಗಳು ನಮ್ಮ ಗುಡಿಗೇ ಯಾಕೆ ಬರುತ್ತವೆ ಎಂಬುದು ತಲೆಯಲ್ಲಿ ಕೊರೆಯತೊಡಗಿತು.

ಗುಡಿಯಿಂದಾಚೆ, ರಸ್ತೆ ತಿರುವಿನಲ್ಲಿ, ಮಹಾಂತೇಶ್ ಅವರ ಹಳೆಯ ಗೋಡೌನಿದೆ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳು. ಗೋಡೌನಿನ ಅಂಗಳದಲ್ಲಿ ಅವರು ಎರಡು ವರ್ಷದ ಹಿಂದೆ ಕರೆಂಟ್ ಕಾರುಗಳಿಗೆ ಚಾರ್ಜ್ ಮಾಡುವ ಮೆಷಿನ್ ಇಡಿಸಿದ್ದರು. ಶನಿವಾರ ಬೆಳಿಗ್ಗೆ, ಕಾರುಗಳನ್ನು ಎಣಿಸಿ ಬರುತ್ತೇನೆ ಎಂದು ಇವರಿಗೆ ಹೇಳಿ, ಕೊಡೆ ಹಿಡಿದು ಅಲ್ಲಿಗೇ ಹೋದೆ. ಕಾರು ನೋಡಬೇಕು ಅಂದದ್ದಕ್ಕೆ ಮಹಾಂತೇಶ್ ನಕ್ಕು, ನೆರಳಿಗೆ ಕುರ್ಚಿ ಹಾಕಿಸಿ, ಒಂದು ಎಳನೀರು ಕೊಚ್ಚಿಸಿ ಕೊಟ್ಟರು.

ಮೊದಲು ಬಂದದ್ದು ಒಂದು ವಾಯುಜ. ಗಂಡಹೆಂಡಿರಿಬ್ಬರೂ ಇಳಿದರು, ವೈರು ಸಿಕ್ಕಿಸಿದರು, ಎಳನೀರು ಕುಡಿದು ಗಂಜಿ ತಿನ್ನುವಷ್ಟರಲ್ಲಿ ಮೆಷಿನ್ ಕುಂಯ್ ಅಂತು. ಹತ್ತಿ ಬೇಲೂರಿನ ಕಡೆ ಹೋದರು. ಹಿಂದೆಯೇ ಇನ್ನೊಂದು ವಾಯುಜ. ಅದರ ಹಿಂದೆ ಮತ್ತೊಂದು. ಗುಡಿಯಲ್ಲಿ ಒಂದೂ ಕಾಣದ ವಾಯುಜಗಳು ಇಲ್ಲಿ ಸಾಲು ಹಿಡಿದು ಬರುತ್ತಿವೆಯಲ್ಲ ಎಂದು ನಾನು ಕುರ್ಚಿಯ ತುದಿಗೆ ಸರಿದೆ.

ಆಮೇಲೆ ಒಂದು ಚೈತ್ರ ಬಂತು. ಅಪ್ಪ, ಅಮ್ಮ, ಒಂದು ಮಗು. ಅಪ್ಪ ವೈರು ಸಿಕ್ಕಿಸಿ ಮೊಬೈಲು ನೋಡಿ, “ಒಂದೂವರೆ ಗಂಟೆ ತೋರಿಸ್ತಿದೆ,” ಅಂದ. ಅಮ್ಮನ ಮುಖ ಇಳಿಯಿತು. “ಅಲ್ಲೀವರೆಗೂ ಈ ಬಿಸಿಲಲ್ಲಿ ಏನ್ ಮಾಡೋದು?”

ಮಹಾಂತೇಶ್ ದಿನಾ ಹೇಳುವ ಮಾತಿನಂತೆ ಸರಾಗವಾಗಿ ಹೇಳಿದರು. “ಇಲ್ಲೇ ತಿರುವಲ್ಲಿ ವೇಣುಗೋಪಾಲನ ಗುಡಿ ಐತೆ ಕಣಮ್ಮ. ತಣ್ಣಗೈತೆ, ನೀರೂ ಐತೆ. ಸ್ವಾಮಿಗಳು ಕಥೆ ಚೆನ್ನಾಗಿ ಹೇಳ್ತಾರೆ. ಹೊತ್ತೋಗಿದ್ದೇ ಗೊತ್ತಾಗಕಿಲ್ಲ, ಹೋಗ್ಬನ್ನಿ.”

ಅವರು ನಡೆದುಕೊಂಡು ನಮ್ಮ ಗುಡಿಯ ಕಡೆ ಹೋದರು. ನಾನು ಎಳನೀರಿನ ಬುರುಡೆ ಹಿಡಿದುಕೊಂಡು ಹಾಗೇ ಕೂತೆ.

ಬುದ್ಧಿಗೆ ಬಹಳ ಸಂತೋಷವಾಯಿತು, ಅದನ್ನೂ ಹೇಳಿಬಿಡುತ್ತೇನೆ. ಕಗ್ಗಂಟು ಬಿಚ್ಚಿದಾಗ ಆಗುವ ಸಂತೋಷ. ಚೈತ್ರದ ಬ್ಯಾಟರಿ ಸಣ್ಣ ಬಾಯಿಯ ಕೊಡ, ಎಷ್ಟು ಜೋರಾಗಿ ಸುರಿದರೂ ನಿಧಾನಕ್ಕೇ ತುಂಬುತ್ತದೆ. ವಾಯುಜದ್ದು ಅಗಲ ಬಾಯಿ. ನಮ್ಮೆಜಮಾನರ ಗುಡಿ ಒಂದು ಜರಡಿಯಾಗಿತ್ತು, ನಿಧಾನದ ಕಾರಿನವರು ಮಾತ್ರ ಅದರಲ್ಲಿ ನಿಲ್ಲುತ್ತಿದ್ದರು. ಬೇಗ ತುಂಬಿಸಿಕೊಂಡು ಹೋಗುವವರು ಇವರ ಕಣ್ಣಿಗೇ ಬೀಳುತ್ತಿರಲಿಲ್ಲ. ಇವರಿಗೆ ಗೊತ್ತಿರುವುದು ಪೆಟ್ರೋಲ್ ಬಂಕು. ಹಾಕಿಸಿದರೆ ಹೊರಟೇಬಿಟ್ಟರು ಎಂಬ ಲೆಕ್ಕ. ಇನ್ನು ಗರ್ಭಗುಡಿಯ ಮುಂದೆ ನಿಂತು, ‘ಸ್ವಾಮಿ, ಹೊತ್ತು ಕಳೆಯೋಕೆ ಬಂದ್ವಿ’ ಎಂದು ಯಾರು ತಾನೇ ಹೇಳುತ್ತಾರೆ?

“ಇತ್ತೀಚೆಗೆ ಚೈತ್ರ ಕಮ್ಮಿಯಾಗವೆ ಟೀಚರಮ್ಮ,” ಅಂದರು ಮಹಾಂತೇಶ್. “ಬಿಕ್ಕೋಡಿನ ಎಸ್ಟೇಟಿನ ವಯಸ್ಸಾದ ಗಂಡಹೆಂಡ್ತಿ ಬತ್ತಿದ್ರಲ್ಲ, ಅವರೂ ಹೋದ ತಿಂಗಳು ವಾಯುಜ ತಗೊಂಡ್ರು, ಆರಾಮಾಗವ್ರೆ. ಕಾಯಕ್ಕಾಗಕಿಲ್ಲ ಅಂತಾರೆ ಜನ. ಇದನ್ನ ಸ್ವಾಮಿಗಳ ಕಿವಿಗೆ ಹಾಕ್ಬೇಡಿ, ಪಾಪ.”

ಆ ಪಾಪ ಎಂಬ ಮಾತಿನಿಂದ ನನ್ನ ಸಂತೋಷವೆಲ್ಲ ಜರ್ರನೆ ಇಳಿಯಿತು. ಷೇರಿನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೆ ಆ ಉತ್ತರವನ್ನು ಮನೆಗೆ ತೆಗೆದುಕೊಂಡು ಹೋದರೆ ಇವರ ಎರಡು ವರ್ಷದ ಹಿಗ್ಗು ಅಂದೇ ಮುಗಿಯುತ್ತದೆ. ಹೇಳದಿದ್ದರೂ ಗುಡಿ ಖಾಲಿಯಾಗುವುದು ತಪ್ಪುವುದಿಲ್ಲ, ಯಾಕೆ ಎಂದು ಗೊತ್ತಾಗದೆ ಇವರು ಒಳಗೊಳಗೇ ಕೊರಗುತ್ತಾರೆ. ದಾರಿಯುದ್ದಕ್ಕೂ ಇದನ್ನೇ ತಿರುವಿ ಹಾಕುತ್ತ ಬಂದೆ.

ಸಂಜೆ ಮನೆಯ ಜಗಲಿಯ ಮೇಲೆ ತುಳಸಿ ಬಿಡಿಸುತ್ತ ಕೂತಿದ್ದವರು, ನಾನು ಬಾಯಿ ತೆಗೆಯುವ ಮುಂಚೆಯೇ ಕೇಳಿದರು. “ನೋಡ್ಕೊಂಡು ಬಂದ್ಯಾ? ಚೈತ್ರವೇ ಜಾಸ್ತಿ ತಾನೇ?”

ಪರೀಕ್ಷೆಯಲ್ಲಿ ಒಬ್ಬರಿಗೂ ಬಿಟ್ಟಿ ಮಾರ್ಕು ಹಾಕಿದವಳಲ್ಲ ನಾನು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಹೇಳುವಾಗ ಅವರ ಮುಖ ನೋಡುವ ಧೈರ್ಯವಾಗದೆ ತುಳಸಿಯ ಬುಟ್ಟಿ ನೋಡುತ್ತಿದ್ದೆ.

ಇವರು ಕೈಯಲ್ಲಿದ್ದ ತುಳಸಿಯ ಕಡ್ಡಿಯನ್ನು ಪೂರ್ತಿ ಬಿಡಿಸಿ ಮುಗಿಸಿದರು. ಆಮೇಲೆ, “ಹಾಗಾದ್ರೆ ಬಿಕ್ಕೋಡಿನ ಆ ದಂಪತಿ?” ಎಂದರು.

“ವಾಯುಜ ತಗೊಂಡಿದ್ದಾರಂತೆ. ಅದಕ್ಕೇ ಬರ್ತಿಲ್ಲ.”

“ಆರೋಗ್ಯವಾಗಿದ್ದಾರಾ?”

“ಆರೋಗ್ಯವಾಗೇ ಇದ್ದಾರಂತೆ ರೀ.”

“ಸದ್ಯ,” ಎಂದು ಉಸಿರುಬಿಟ್ಟರು. “ಆ ಯಜಮಾನರಿಗೆ ಎದೆನೋವಿತ್ತು. ಕಾಣ್ಲಿಲ್ಲವಲ್ಲ, ಏನಾಯ್ತೋ ಅಂತ ದಿನಾ ಅವರ ಹೆಸರಲ್ಲಿ ಒಂದು ಅರ್ಚನೆ ಮಾಡ್ತಿದ್ದೆ ಕಣೇ.”

ಸೋತದ್ದು ಇವರ ಲೆಕ್ಕ, ಇವರಿಗೆ ನೆನಪಾದದ್ದು ಆ ಮುದುಕರ ಎದೆನೋವು. ಹಟ ಮಾಡಿ ಹಿಡಿದುಕೊಂಡಿದ್ದ ನನ್ನ ತೀರ್ಮಾನ ಆ ಕ್ಷಣ ಸಡಿಲವಾಯಿತು. “ಚೈತ್ರದವರೂ ಬ್ಯಾಟರಿ ಸುಧಾರಿಸ್ತಾರೆ ಬಿಡಿ. ನಾನು ಅದಕ್ಕೇ ಹಾಕ್ತೀನಿ,” ಅಂದೆ.

ಇವರು ನನ್ನನ್ನು ದಿಟ್ಟಿಸಿ ನೋಡಿದರು. “ವಿಜ್ಞಾನದ ಟೀಚರ್ ಆಡೋ ಮಾತಾ ಇದು? ಕಣ್ಣಾರೆ ಒಂದು ನೋಡಿ ಇನ್ನೊಂದಕ್ಕೆ ದುಡ್ಡು ಹಾಕ್ತೀಯಾ, ನನ್ನ ಮುಖ ನೋಡ್ಕೊಂಡು? ನನ್ನ ಗುಡಿ ತುಂಬಲಿ ಅಂತ ಊರವರ ಕಾರು ನಿಧಾನ ಆಗಲಿ ಅಂದ್ಕೊಂಡ್ರೆ, ನಾಳೆ ಯಾವ ಮುಖ ಇಟ್ಕೊಂಡು ಅವನಿಗೆ ಆರತಿ ಎತ್ತಲಿ? ವಾಯುಜಕ್ಕೇ ಹಾಕು.”

ಸೋಮವಾರ ಷೇರುಪೇಟೆ ತೆರೆಯುವ ಹೊತ್ತಿಗೆ ನಾನು ಗುಡಿಯ ಜಗಲಿಯ ಮೇಲೆ ಮೊಬೈಲು ಹಿಡಿದು ಕೂತಿದ್ದೆ. ಒಳಗೆ ಒಬ್ಬ ಹುಡುಗಿ ಮತ್ತವಳ ಗಂಡ, ಹೊಸದಾಗಿ ಮದುವೆಯಾದವರು, ಚೈತ್ರದಲ್ಲಿ ಬಂದವರು. ಇವರು ಎಂದಿನ ದನಿಯಲ್ಲೇ ಪುರಾಣ ಹೇಳುತ್ತಿದ್ದರು, ಒಂದು ಮಾತೂ ಕಡಿಮೆ ಮಾಡಿರಲಿಲ್ಲ. ನಾನು ವಾಯುಜದ ಹೆಸರು ಹುಡುಕಿ ಒತ್ತಿದೆ. ಒತ್ತಿದ ಬೆರಳು ನನ್ನದೇ, ತೀರ್ಮಾನವೂ ನನ್ನದೇ, ಅದು ಸರಿಯೆಂದೂ ಗೊತ್ತು. ಆದರೂ ಇನ್ನೊಮ್ಮೆ ನೋಡದೆ ಮೊಬೈಲನ್ನು ಬೋರಲು ಇಟ್ಟೆ.

ಇವರು ತೀರ್ಥದ ಬಟ್ಟಲು ಹಿಡಿದು ಹೊರಗೆ ಬಂದರು. “ಆಯ್ತಾ?”

“ಆಯ್ತು.”

ನನ್ನ ಕೈಗೆ ತೀರ್ಥ ಹಾಕಿ, ಒಳಗಿದ್ದವರ ಕಡೆ ತಿರುಗಿ, “ನಿಮ್ಮ ಕಾರು ತುಂಬೋಕೆ ಇನ್ನೂ ಎಷ್ಟು ಹೊತ್ತಿದೆಯಮ್ಮ?” ಎಂದು ಕೇಳಿದರು.

ಹುಡುಗಿ ಸಿಕ್ಕಿಬಿದ್ದವಳಂತೆ ಗಂಡನ ಮುಖ ನೋಡಿದಳು.

“ನಾಚ್ಕೋಬೇಡಿ. ಯಾವುದಕ್ಕೋ ಕಾಯ್ತಾ ಕಾಯ್ತಾನೇ ಎಲ್ಲರೂ ಇಲ್ಲಿಗೆ ಬರೋದು. ಇರೋಷ್ಟು ಹೊತ್ತು ಕೂತ್ಕೊಳಿ, ಇನ್ನೂ ಅರ್ಧ ಕಥೆ ಇದೆ.”

ಅವಳು ಮೊಬೈಲನ್ನು ಚೀಲದೊಳಗೆ ಹಾಕಿ, ಕಂಬಕ್ಕೆ ಒರಗಿ ಕೂತಳು.